ಅಲ್ಯೂಮಿನಿಯಂ ಪಟ್ಟಿಯನ್ನು ಕಬ್ಬಿಣದ ಚೌಕಟ್ಟಿಗೆ ವೆಲ್ಡಿಂಗ್ ಮಾಡಿದರೆ ಏಕೆ ನಿಲ್ಲುವುದಿಲ್ಲ?

ಎರಡೂ ಲೋಹಗಳು ಕರಗಿ ಬೆರೆತ ಜಾಗದಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿದ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಇವು ಗಡುಸಾಗಿದ್ದರೂ ಬಾಗುವ ಗುಣವಿಲ್ಲದ ಕಾರಣ, ಬೆಸುಗೆ ಆರುವಾಗಲೇ ಅಥವಾ ಸಣ್ಣ ಪೆಟ್ಟಿಗೇ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಉಕ್ಕಿಗೆ ಸುಮಾರು 1500 ಡಿಗ್ರಿ ಬೇಕು ಎಂಬುದು ಇನ್ನೊಂದು ತೊಡಕು. ಆದ್ದರಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ಎಷ್ಟೇ ನುರಿತ ವೆಲ್ಡರ್ ಮಾಡಿದರೂ ಸಾಮಾನ್ಯ ಆರ್ಕ್ ವೆಲ್ಡಿಂಗ್‌ನಿಂದ ಈ ಜೋಡಣೆ ಗಟ್ಟಿಯಾಗದು. ಅದು ಅವರ ಕೈಯ ದೋಷವಲ್ಲ.

ಲೋಹವನ್ನು ಕರಗಿಸದೆಯೇ ಬೆಸೆಯುವುದು ಸಂಶೋಧಕರು ಕಂಡುಕೊಂಡ ಮುಖ್ಯ ದಾರಿ. 1991ರಲ್ಲಿ ಬ್ರಿಟನ್ನಿನ ದಿ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್ ರೂಪಿಸಿದ ಘರ್ಷಣ ಬೆಸುಗೆಯ ವಿಧಾನದಲ್ಲಿ (ಫ್ರಿಕ್ಷನ್ ಸ್ಟರ್ ವೆಲ್ಡಿಂಗ್), ತುದಿಯಲ್ಲಿ ಗಿಡ್ಡ ಮೊಳೆಯಿರುವ ಗಟ್ಟಿ ಉಪಕರಣವೊಂದು ವೇಗವಾಗಿ ತಿರುಗುತ್ತ ಅಲ್ಯೂಮಿನಿಯಂ ಒಳಗೆ ಇಳಿಯುತ್ತದೆ. ತಿಕ್ಕಾಟದ ಬಿಸಿಗೆ ಅಲ್ಯೂಮಿನಿಯಂ ಕರಗದೆ ಕೇವಲ ಮೆದುವಾಗಿ ಕಣಕದಂತೆ ನಾದಿಕೊಳ್ಳುತ್ತದೆ, ಮೊಳೆ ಉಕ್ಕಿನ ಅಂಚನ್ನು ತುಸುವೇ ಕೆರೆದು ಹೊಸ ಮೈಯನ್ನು ತೆರೆದಿಡುತ್ತದೆ. ಬಿಸಿ ಕಡಿಮೆ, ಅವಧಿಯೂ ಚಿಕ್ಕದು. ಹೀಗಾಗಿ ಸುಲಭವಾಗಿ ಬಿರುಕು ಬಿಡುವ ಆ ಸಂಯುಕ್ತಗಳ ಪದರ ಕೆಲವೇ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ) ದಪ್ಪಕ್ಕೆ ನಿಲ್ಲುತ್ತದೆ, ಮತ್ತು ಅಷ್ಟು ತೆಳುವಾಗಿದ್ದರೆ ಅದು ಹಾನಿ ಮಾಡುವುದಿಲ್ಲ. ಉಪಕರಣಕ್ಕೆ ಜೋಡಿಸಿದ ಸೆನ್ಸರ್‌ಗಳು ಒತ್ತಡವನ್ನೂ ತಿರುಚು ಬಲವನ್ನೂ ಅಳೆಯುತ್ತಿರುವುದರಿಂದ ಒಳಗೆ ಟೊಳ್ಳು ಉಳಿಯುವ ಸೂಚನೆ ಕೆಲಸದ ನಡುವೆಯೇ ಸಿಗಬಲ್ಲದು.

ಈ ಯಂತ್ರಗಳು ದುಬಾರಿ. ನಿಮ್ಮ ಚೌಕಟ್ಟಿಗೆ ರಿವೆಟ್ ಅಥವಾ ಬೋಲ್ಟ್ ಸಾಕು; ಆದರೆ ಕಬ್ಬಿಣಕ್ಕೆ ಅಂಟಿಕೊಂಡಿರುವ ಜಾಗಕ್ಕೆ ಮಳೆನೀರು ತಾಗಿದರೆ ಅಲ್ಯೂಮಿನಿಯಂ ಬೇಗ ಸವೆಯುವುದರಿಂದ ಎರಡು ಲೋಹಗಳ ನಡುವೆ ರಬ್ಬರ್ ಪಟ್ಟಿಯನ್ನು ತಪ್ಪದೆ ಇಡಿಸಿ.