ಆ ಟ್ಯೂಬ್ ತಂದುಕೊಟ್ಟಿದ್ದು ಯಾರು?

ದಾವಣಗೆರೆಯ ತಾಯಿಗೆ,

ನಿಮ್ಮ ಪತ್ರ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಮಗಳು ಒಂಬತ್ತನೇ ಕ್ಲಾಸು. ಖೋಖೋ ಅಂದ್ರೆ ಜೀವ ಬಿಡುತ್ತಿದ್ದವಳು ಕಪ್ಪಗಾಗ್ತೀನಿ, ಬಿಸಿಲು ಬೇಡ ಅಂತ ಆಟ ಬಿಟ್ಟಿದ್ದಾಳೆ. ಗೃಹಪ್ರವೇಶದಲ್ಲಿ ಫೋಟೋಗೆ ನಿಲ್ಲಲಿಲ್ಲ. ಫಿಲ್ಟರ್ ಹಾಕದೆ ಸೆಲ್ಫಿ ತೆಗೆಯುವುದಿಲ್ಲ. ಅವಳಿಗೆ ಧೈರ್ಯ ತುಂಬುವ ನಾಲ್ಕು ಮಾತು ಹೇಳಿಕೊಡಿ ಎಂದು ಕೇಳಿದ್ದೀರಿ.

ಮಾತು ಆಮೇಲೆ. ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ. ನಾದಿನಿ ಮೆಡಿಕಲ್ ಶಾಪಿನಿಂದ ಬೆಳ್ಳಗಾಗುವ ಕ್ರೀಮಿನ ಟ್ಯೂಬ್ ತಂದುಕೊಟ್ಟರು, ಮೂರು ತಿಂಗಳಿಂದ ಹಚ್ಚುತ್ತಿದ್ದಾಳೆ, ಮೊದಲು ಬೆಳ್ಳಗಾದಳು, ಈಗ ಮುಖ ಉರಿ ಅಂತಾಳೆ.

ಹಾಗಾದರೆ ಅವಳು ಬಿಸಿಲಿಗೆ ಹೆದರುವುದು ಬರೀ ಬಣ್ಣಕ್ಕೆ ಇರಲಾರದು. ನಿಜವಾಗಿ ಉರಿಯುತ್ತಿರಬಹುದು, ಅಲ್ವಾ? ಬೆಳ್ಳಗಾಗಲು ಅಂತ ಡಾಕ್ಟರ ಚೀಟಿ ಇಲ್ಲದೆ ಕೊಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಎಂಬ ಜೋರಾದ ಔಷಧಿ ಇರುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಸ್ಟೆರಾಯ್ಡ್ ಹೆಸರು ಬರೆದಿದೆಯಾ ನೋಡಿ. ಮೊದಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪಗಾಗುತ್ತದೆ, ಮೊಡವೆ ಬರುತ್ತದೆ, ಮುಖದ ಮೇಲೆ ಕೂದಲೂ ಬೆಳೆಯುತ್ತದೆ. ಬಿಟ್ಟರೆ ಉರಿ ಇನ್ನೂ ಜಾಸ್ತಿ. ಅದಕ್ಕೇ ಮಕ್ಕಳು ಮತ್ತೆ ಹಚ್ಚುತ್ತಾರೆ. ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಲೇಬಲ್ಲೇ ಸರಿಯಿಲ್ಲದ ಕ್ರೀಮಾದರೆ ಪಾದರಸದ ಭಯ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಅಂಥ ಕ್ರೀಮ್ ಹಚ್ಚಿಕೊಂಡವರ ಕಿಡ್ನಿಗೇ ಪೆಟ್ಟು ಬಿದ್ದಿತ್ತು.

ನಾದಿನಿ ಪ್ರೀತಿಯಿಂದ ಕೊಟ್ಟರು ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. "ಹೀಗಿದ್ರೆ ನಿನ್ನನ್ನ ಯಾರೇ ಮಾಡ್ಕೋತಾರೆ" ಅಂತ ಹದಿನಾಲ್ಕರ ಹುಡುಗಿಗೆ ಹೇಳುವುದು ಯಾವ ಸೀಮೆ ಪ್ರೀತಿ? 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ಹೆಸರಿನಿಂದ ಫೇರ್ ತೆಗೆದುಹಾಕಿತು. ನಮ್ಮ ಅತ್ತೆಯರ ಬಾಯಿಂದ ಅದು ಇನ್ನೂ ಹೋಗಿಲ್ಲ. ನಾದಿನಿ ಹಾಗಂದಾಗ ನೀವೂ ನಕ್ಕು ಸುಮ್ಮನಾದಿರಿ. ಮಗಳು ಆ ನಗು ನೋಡಿದ್ದಾಳೆ. ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮಗುವಿನ ಎದುರು ಆಡಿದ ಮಾತಿಗೆ ಮಗುವಿನ ಎದುರೇ ಉತ್ತರ ಕೊಡಬೇಕು.

ಈ ವಾರವೇ ಟ್ಯೂಬ್ ಸಮೇತ ಮಗಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದನ್ನು ಎಸೆಯಬೇಡಿ, ಅವರು ನೋಡಬೇಕು. ಹೇಗೆ ನಿಲ್ಲಿಸಬೇಕು ಅಂತಲೂ ಅವರೇ ಹೇಳಲಿ. ವಾಪಸ್ ಬರುವಾಗ ನಾದಿನಿಗೆ ಫೋನ್ ಮಾಡಿ, "ಇನ್ಮೇಲೆ ನನ್ನ ಮಗಳ ಬಣ್ಣದ ಸುದ್ದಿ ಎತ್ತಬೇಡ" ಅನ್ನಿ. ಸ್ಪೀಕರ್ ಆನ್ ಇರಲಿ. ಮಗಳಿಗೆ ಕೇಳಿಸಬೇಕು.