ದಿನಕ್ಕೆ ಒಂದೇ ಗಂಟೆ ಸಿಗುವವರಿಗೆ ಸೈಬರ್‌ಪಂಕ್, ಎಲ್ಡನ್ ರಿಂಗ್, ರೆಡ್ ಡೆಡ್ 2: ಯಾವುದು ಸರಿ?
ರಾತ್ರಿ ಒಂದು ಗಂಟೆ ಮಾತ್ರ ಸಿಗುತ್ತೆ, ಈ ಮೂರು ವಿಡಿಯೋ ಗೇಮ್‌ಗಳಲ್ಲಿ ಯಾವುದಕ್ಕೆ ದುಡ್ಡು ಹಾಕಲಿ, ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲಾ ಹೇಗೆ ಅಂತ ಕೇಳಿದ್ದೀರಿ. ನನ್ನ ಉತ್ತರ: ಸೈಬರ್‌ಪಂಕ್ 2077 ತಗೊಳ್ಳಿ, ಆದರೆ ಪಿಸಿ ಅಥವಾ ಹೊಸ ಕನ್ಸೋಲ್ ಇದ್ದರೆ ಮಾತ್ರ.

2020ರ ಡಿಸೆಂಬರ್‌ನಲ್ಲಿ ಬಂದಾಗ ಅದು ಎಷ್ಟು ಹಾಳಾಗಿತ್ತೆಂದರೆ ಸೋನಿ ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿತ್ತು. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಸ್ಕಿಲ್ ಟ್ರೀ (ಪಾತ್ರದ ಕೌಶಲ ಬೆಳೆಸುವ ಪಟ್ಟಿ), ಪೊಲೀಸ್, ಸೈಬರ್‌ವೇರ್ (ದೇಹಕ್ಕೆ ಜೋಡಿಸುವ ಯಂತ್ರಭಾಗಗಳು) ಮೂರನ್ನೂ ಹೊಸದಾಗಿ ಕಟ್ಟಿತು. ಪಿಎಸ್ 4, ಎಕ್ಸ್‌ಬಾಕ್ಸ್ ಒನ್‌ಗೆ ಅದು ಬರಲೇ ಇಲ್ಲ. 2.0ಕ್ಕೂ ಹಿಂದಿನ ಬಿಲ್ಡ್ (ಪಾತ್ರವನ್ನು ಹೇಗೆ ಕಟ್ಟಬೇಕು ಅನ್ನುವ) ವಿಡಿಯೋ ನಂಬಬೇಡಿ: ಆಗ ರಕ್ಷಣೆ ಬಟ್ಟೆಯಿಂದ ಸಿಗುತ್ತಿತ್ತು, ಈಗ ಹೆಚ್ಚುಕಡಿಮೆ ಎಲ್ಲವೂ ಸೈಬರ್‌ವೇರ್‌ನಿಂದ. ಹಾಗಾಗಿ ಆಟದೊಳಗಿನ ದುಡ್ಡನ್ನು ಅವನ್ನು ಕೂರಿಸುವ ವೈದ್ಯ, ರಿಪ್ಪರ್‌ಡಾಕ್ ಹತ್ತಿರ ಖರ್ಚು ಮಾಡಿ. ಕಥೆಯಲ್ಲಿ ನೀವು ಆಡುವ ಪಾತ್ರ ವಿ ಸಾಯುತ್ತಿದ್ದಾಳೆ, ಮ್ಯಾಪ್ ತುಂಬ ಬೀದಿ ಜಗಳಗಳು. ಇವೆರಡೂ ಕೊನೆಯವರೆಗೂ ಹೊಂದುವುದಿಲ್ಲ. ಎನ್‌ಸಿಪಿಡಿ (ಆಟದ ನಗರದ ಪೊಲೀಸ್) ಸ್ಕ್ಯಾನರ್ ಕೆಲಸಗಳನ್ನು ಬಿಟ್ಟುಬಿಡಿ, ವಿಯ ಗೆಳತಿಯರಾಗುವ ಪನಾಮ್ ಮತ್ತು ಜೂಡಿಯ ಕಥೆಗಳನ್ನು ಮಾತ್ರ ಬಿಡಬೇಡಿ. ಈ ಆಟದ ಜೀವ ಇರುವುದೇ ಅಲ್ಲಿ.

ಎಲ್ಡನ್ ರಿಂಗ್ ಈ ಮೂರರಲ್ಲಿ ಶ್ರೇಷ್ಠ ಅಂತಲೇ ನನ್ನ ಅಭಿಪ್ರಾಯ, ಆದರೂ ನಿಮಗೆ ಎರಡನೆಯದು. ಆಟ ನಿಲ್ಲಿಸುವ ಮಾಮೂಲಿ ಪಾಸ್ ಬಟನ್ ಅದರಲ್ಲಿಲ್ಲ. ಮಗು ಅತ್ತರೆ, ಫೋನ್ ಬಂದರೆ ಕ್ವಿಟ್ ಮಾಡಿಯೇ ಏಳಬೇಕು (ಬಾಸ್ ಜೊತೆ ಹೋರಾಡುತ್ತಿಲ್ಲದಿದ್ದರೆ ನಿಂತ ಜಾಗದಲ್ಲೇ ಸೇವ್ ಆಗಿರುತ್ತೆ). ಹೊಸಬರು ಸೋತು ಬಿಟ್ಟುಹೋಗುವುದು ಶುರುವಿನ ದೊಡ್ಡ ಬಾಸ್ ಮಾರ್ಗಿಟ್ ಹತ್ತಿರ. ದಾರಿ ತೋರುವ ಗ್ರೇಸ್‌ನ ಬೆಳಕು ನೇರ ಅವನ ಕಡೆಗೇ ತೋರಿಸುತ್ತೆ, ಅದನ್ನು ಆಜ್ಞೆ ಅಂದುಕೊಳ್ಳುತ್ತಾರೆ. ಮೊದಲು ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಸುತ್ತಿ, ವಿಗರ್ (ಜೀವಬಲ) 20ಕ್ಕೆ ಏರಿಸಿ, ಆಯುಧವನ್ನು +3 ಮಟ್ಟಕ್ಕೆ ಬಲಪಡಿಸಿಕೊಂಡು ಹೋಗಿ. ಟೊರೆಂಟ್ ಕುದುರೆ ಸಿಕ್ಕ ಮೇಲೆ ಚರ್ಚ್ ಆಫ್ ಎಲ್ಲೇಗೆ ವಾಪಸ್ ಹೋದರೆ ನೆರವಿಗೆ ಆತ್ಮಗಳನ್ನು ಕರೆಯುವ ಸ್ಪಿರಿಟ್ ಕಾಲಿಂಗ್ ಬೆಲ್ ಸಿಗುತ್ತೆ. ಅದಿದ್ದರೆ ತೋಳಗಳನ್ನು ಕರೆದು ಮಾರ್ಗಿಟ್ ಗಮನ ಒಡೆಯಬಹುದು. ಅವನು ಕೋಲು ಎತ್ತಿ ಬೇಕೆಂದೇ ತಡೆದು ಹೊಡೆಯುತ್ತಾನೆ. ಎತ್ತಿದ ತಕ್ಷಣ ಉರುಳಿದರೆ ನೀವು ಏಳುವ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತೆ, ಕೋಲು ಕೆಳಗಿಳಿಯಲು ಶುರುವಾದಾಗ ಉರುಳಿ. ನನಗೆ ಬೇಸರ ತರುವುದು ಕ್ಯಾಟಕೂಂಬ್‌ಗಳು (ನೆಲದಡಿಯ ಸಮಾಧಿ ಗುಹೆಗಳು): ಅವೇ ಗೋಡೆ, ಅವೇ ಬಾಸ್‌ಗಳು ಮತ್ತೆ ಮತ್ತೆ. ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟರೂ ನಷ್ಟವಿಲ್ಲ.

ವಲ್ಹಾಲಾ ಬೇಡ. ಒಂದೊಂದು ಪ್ರದೇಶದಲ್ಲೂ ಯಾರಿಗೋ ನೆರವಾಗಿ, ಮೈತ್ರಿ ಮಾಡಿಕೊಂಡು, ನಿಮ್ಮ ನೆಲೆಯಲ್ಲಿರುವ ರಾಂಡ್ವಿಗೆ ಬಂದು ವರದಿ ಒಪ್ಪಿಸಬೇಕು. ಕೊನೆಯ ಪ್ರದೇಶ ಹ್ಯಾಮ್ಟನ್‌ಶೈರ್ ಕೇಳುವ ಪವರ್ (ಪಾತ್ರದ ಬಲದ ಮಟ್ಟ) 340. ಒಂದು ಗಂಟೆಯವರಿಗೆ ಅದು ತಿಂಗಳುಗಟ್ಟಲೆ ಒಂದೇ ಕೆಲಸ.

ರೆಡ್ ಡೆಡ್ 2 ಅನ್ನು ದೀರ್ಘ ರಜೆಗೆ ಇಟ್ಟುಕೊಳ್ಳಿ. ಅದರ ನಾಯಕ ಆರ್ಥರ್ ಮಾರ್ಗನ್‌ನಷ್ಟು ಪೂರ್ಣವಾಗಿ ಬರೆದ ಪಾತ್ರ ಬೇರೆ ದೊಡ್ಡ ಆಟಗಳಲ್ಲಿ ಸಿಗುವುದು ಕಷ್ಟ. ಆದರೆ ಕಾಡಲ್ಲಿ ಕೊಡುವ ಸ್ವಾತಂತ್ರ್ಯವನ್ನು ಮಿಷನ್ ಒಳಗೆ ಪೂರ್ತಿ ಕಿತ್ತುಕೊಳ್ಳುತ್ತೆ. ಜೊತೆಗಾರರಿಂದ ಸ್ವಲ್ಪ ಸರಿದರೂ ಫೇಲ್. ಹಿಮದ ಮೊದಲ ಅಧ್ಯಾಯ ನಿಧಾನ, ಅದನ್ನು ನೋಡಿ ತೀರ್ಮಾನಿಸಬೇಡಿ. ಪಿಸಿಯಲ್ಲಾದರೆ 150 ಜಿಬಿ ಜಾಗ ಬೇಕು. ಬೇಟೆಗೆ ಮೂರು ನಕ್ಷತ್ರದ (ಉತ್ತಮ ಗುಣಮಟ್ಟದ ಚರ್ಮದ) ಪ್ರಾಣಿಯನ್ನೇ ಆರಿಸಿ: ಮೊಲದಂಥ ಚಿಕ್ಕವಕ್ಕೆ ವಾರ್ಮಿಂಟ್ ರೈಫಲ್, ಜಿಂಕೆಗೆ ಬಿಲ್ಲಿನಿಂದ ತಲೆಗೊಂದು ಬಾಣ. ಶಾಟ್‌ಗನ್ ಹಾರಿಸಿದರೆ ಚರ್ಮ ಕೆಡುತ್ತೆ, ಹೆಣವನ್ನು ಕುದುರೆ ಮೇಲೆ ಬಹಳ ಹೊತ್ತು ಬಿಟ್ಟರೆ ಕೊಳೆಯುತ್ತೆ.