ಫ್ಯಾನ್ ತಿರುಗತ್ತೆ, ಬೀಪ್ ಬರತ್ತೆ, ಸ್ಕ್ರೀನ್ ಕಪ್ಪು: ಹಳೆ ಡೆಸ್ಕ್‌ಟಾಪ್ ಸತ್ತೇ ಹೋಯ್ತಾ?

ಕುಮಟಾದ ಮನೇಲಿ 10 ವರ್ಷದ ಹಳೆ ಡೆಸ್ಕ್‌ಟಾಪು, ಮಳೆಗಾಲ ಪೂರ್ತಿ ಮುಚ್ಚಿಟ್ಟು ಚೌತಿಗೆ ಆನ್ ಮಾಡಿದ್ರೆ ಬರೀ ಬೀಪು, ಅಂಗಡಿಯವ್ರು ಮದರ್‌ಬೋರ್ಡ್ ಹೋಗಿದೆ ಅಂದ್ರು, ಬದಲಾಯಿಸ್ಲಾ ಅಂತ ಕೇಳಿದೀರಿ. ತಡೀರಿ ಮಾರಾಯ್ರೆ, ಮೊದ್ಲು ಮಕ್ಕಳ ಕಂಪಾಸ್ ಬಾಕ್ಸಿಂದ ಒಂದು ರಬ್ಬರ್ ತಗೊಳ್ಳಿ.

ಬೀಪ್ ಅಂತ ಕೂಗೋಕೆ ಬೋರ್ಡಿಗೆ ಜೀವ ಇರ್ಬೇಕು, ಪೂರ್ತಿ ಸತ್ತ ಬೋರ್ಡ್ ಕೂಗಲ್ಲ. ನಂದು ಕಾರವಾರ, ಕೋಡಿಬಾಗ ಕಡೆ, ಇಲ್ಲಿ ಉಪ್ಪುಗಾಳಿಗೆ ಕಿಟಕಿ ಸರಳೇ ತುಕ್ಕು ಹಿಡಿಯತ್ತೆ ಇನ್ನು ಬೋರ್ಡಿಗೆ ಸಿಕ್ಕಿಸೋ ಮೆಮೊರಿ, ಅಂದ್ರೆ ರ‍್ಯಾಮ್ ಯಾವ ಲೆಕ್ಕ, ನನ್ ಸಿಸ್ಟಮ್ಮೂ ಎರಡು ಸಲ ಹಿಂಗೇ ಮಾಡಿತ್ತು. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್ ತೆಗ್ದು ಬಂಗಾರದ ಬಣ್ಣದ ಪಟ್ಟಿನ ಎರಡೂ ಬದಿ ರಬ್ಬರಿಂದ ಮೆಲ್ಲಗೆ ಉಜ್ಜಿ, ಪುಡಿ ಒಳಗೆ ಬೀಳದ ಹಾಗೆ ಹೊರಗಡೆ ಉಜ್ಜಿ. ಸ್ಲಾಟಿಗೆ ಬಾಯಲ್ಲಿ ಊದ್ಬೇಡಿ, ಎಂಜಲು ಹಾರತ್ತೆ, ಒಣಗಿದ ಪೇಂಟ್ ಬ್ರಶ್ ಸಾಕು. ಟಕ್ ಅಂತ ಕೂರೋವರೆಗೂ ಒತ್ತಿ. ಎರಡು ರ‍್ಯಾಮ್ ಇದ್ರೆ ಒಂದೊಂದೇ ಹಾಕಿ ನೋಡಿ, ನಂದ್ರಲ್ಲಿ ಎರಡನೇ ಸಲ ಒಂದು ನಿಜವಾಗ್ಲೂ ಸತ್ತಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ರೆ ಅದಕ್ಕೂ ಇದೇ ಉಪಚಾರ.

ಡಿಸ್ಪ್ಲೇ ಬಂದು, ಡೇಟ್ ಟೈಮ್ ತಪ್ಪಿದೆ ಎಫ್1 ಒತ್ತು ಅಂದ್ರೆ ಬೋರ್ಡಿನ ಸೆಲ್ ಮುಗ್ದಿದೆ, ಸಿಆರ್2032, 3 ವೋಲ್ಟಿಂದು, ವಾಚ್ ಅಂಗಡೀಲೂ ಸಿಗತ್ತೆ. ಆದ್ರೆ ಹುಷಾರು, ಸೆಲ್ ಹೋದ್ರೆ ಬಯಾಸ್ (ವಿಂಡೋಸಿಗಿಂತ ಮೊದ್ಲು ಓಡೋ ಬೋರ್ಡಿನ ಪ್ರೋಗ್ರಾಮ್) ಸೆಟ್ಟಿಂಗ್ ಎಲ್ಲ ಕಂಪನಿ ಇಟ್ಟಿದ್ದಕ್ಕೆ ವಾಪಸ್ ಹೋಗತ್ತೆ, ಕೆಲವು ಹಳೆ ಬೋರ್ಡಲ್ಲಿ ಸಾಟಾ ಮೋಡ್, ಅಂದ್ರೆ ಬೋರ್ಡು ಹಾರ್ಡ್‌ಡಿಸ್ಕ್ ಜೊತೆ ಮಾತಾಡೋ ರೀತಿ, ಎಎಚ್‌ಸಿಐ ಇದ್ದಿದ್ದು ಐಡಿಇ ಆಗಿ ಕೂತಿರತ್ತೆ, ಆಗ ವಿಂಡೋಸ್ ಶುರು ಆಗೋವಾಗ 7ಬಿ ಅಂತ ಮುಗಿಯೋ ಕೋಡಿನ ನೀಲಿ ಸ್ಕ್ರೀನ್ ಬಂದು ಎದೆ ಧಸಕ್ ಅನ್ಸತ್ತೆ. ನಾನು ಇದು ಗೊತ್ತಿಲ್ದೆ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡೋಕೇ ಕೂತಿದ್ದೆ, ಕೊನೇ ಗಳಿಗೇಲಿ ಬಯಾಸಲ್ಲಿ ಮೋಡ್ ವಾಪಸ್ ಬದಲಾಯಿಸಿ ನೋಡಿದ್ರೆ ಫೋಟೋ ಎಲ್ಲ ಇದ್ದಲ್ಲೇ ಇತ್ತು.

ಬೋರ್ಡ್ ಮೇಲಿನ ಡಬ್ಬಿ ಥರದ ಕೆಪಾಸಿಟರ್ ತಲೆ ಉಬ್ಬಿದ್ರೆ ಅಂಗಡಿಯವ್ರು ಹೇಳಿದ್ದು ಸರಿ ಇರ್ಬಹುದು. ಎಸ್‌ಎಂಪಿಎಸ್ ಅಂದ್ರೆ ಪವರ್ ಸಪ್ಲೈ ಡಬ್ಬಿ ಬಿಚ್ಚೋಕೆ ಹೋಗ್ಬೇಡಿ, ಪ್ಲಗ್ ಕಿತ್ರೂ ಒಳಗೆ ಕರೆಂಟ್ ನಿಂತಿರತ್ತೆ.

ಉಜ್ಜಿದ್ಮೇಲೂ ಕೂಗಿದ್ರೆ ಎಷ್ಟು ಬೀಪ್, ಉದ್ದನೇದೋ ಗಿಡ್ಡದೋ ಅಂತ ಎಣಿಸಿ ಬರೀರಿ, ಬೋರ್ಡ್ ಮಾಡೆಲ್ಲೂ ಹಾಕಿ, ಬೀಪಿನ ಲೆಕ್ಕ ಬಯಾಸಿಗೊಂದು ಥರ ಇರತ್ತೆ.